ಎಕ್ಸ್ ಅಕ್ಷ ಬೆಳಿಗ್ಗೆ ಸರಿ, ಮಧ್ಯಾಹ್ನಕ್ಕೆ 35 ಮೈಕ್ರಾನ್ ತಪ್ಪು. ಬ್ಯಾಕ್‌ಲ್ಯಾಶ್ ಅಂಕೆ ಏರಿಸಿದ ಮೇಲೆ ಹೊಸ ತೊಂದರೆ

ಹೆಬ್ಬಾಳದ ಜಾಬ್‌ಶಾಪ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಜಾಬ್‌ಶಾಪ್ ಇದೆ. ಒಂಬತ್ತು ವರ್ಷ ಹಳೆಯದಾದ ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್) ಯಂತ್ರವೇ ನಮ್ಮ ಆಧಾರ. ಎಕ್ಸ್ ಚಲನೆ 800 ಮಿ.ಮೀ., ಫಾನುಕ್ ಕಂಟ್ರೋಲ್, ಟೇಬಲ್ಲನ್ನು ಸರಿಸುವ ಬಾಲ್ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 10 ಮಿ.ಮೀ., ಮೋಟಾರು ನೇರವಾಗಿ ಕಪ್ಲಿಂಗ್ ಮೂಲಕ ಸ್ಕ್ರೂವಿಗೆ ಸೇರಿದೆ. ಟೇಬಲ್ಲಿನ ಜಾಗವನ್ನು ನೇರವಾಗಿ ಅಳೆಯುವ ಲೀನಿಯರ್ ಸ್ಕೇಲ್ ಇಲ್ಲ.

ಈಗ ನಡೆಯುತ್ತಿರುವ ಕೆಲಸ 240 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್ ಪ್ಲೇಟು. ಅದರಲ್ಲಿ 12 ಮಿ.ಮೀ. ವ್ಯಾಸದ ಎರಡು ಡೋವೆಲ್ ರಂಧ್ರಗಳನ್ನು ರೀಮ್ ಮಾಡಬೇಕು. ಮೊದಲ ರಂಧ್ರ ಎಡ ಅಂಚಿನಿಂದ 25 ಮಿ.ಮೀ., ಎರಡನೆಯದು ಮೊದಲನೆಯದರಿಂದ 190 ಮಿ.ಮೀ.; ಎರಡಕ್ಕೂ ±0.02 ಮಿತಿ. ಬೆಳಿಗ್ಗೆ ಎಂಟಕ್ಕೆ ವೈಸಿನ ಸ್ಟಾಪರ್‌ಗೆ ಜಿ54 (ಜಾಬಿನ ಸೊನ್ನೆ ಬಿಂದು) ಕೂರಿಸಿ ತೆಗೆದ ಮೊದಲ ಜಾಬುಗಳು ಸರಿಯಾಗಿಯೇ ಬರುತ್ತವೆ. ಹನ್ನೆರಡು ಗಂಟೆಯ ಹೊತ್ತಿಗೆ 25 ಇರಬೇಕಾದದ್ದು 25.035ರವರೆಗೆ ಹೋಗಿರುತ್ತದೆ. ವೈ ದಿಕ್ಕಿನಲ್ಲಿ ಅಂಥದ್ದೇನೂ ಇಲ್ಲ. ಕಳೆದ ವಾರ ಗ್ರಾಹಕರು ಒಂದು ಕಂತಿನ 40 ಪ್ಲೇಟುಗಳನ್ನು ವಾಪಸು ಕಳುಹಿಸಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಸರ್ವಿಸ್‌ಗೆಂದು ಬಂದವರೊಬ್ಬರು ಡಯಲ್ (ಸಣ್ಣ ಸರಿದಾಟ ಅಳೆಯುವ ಗೇಜು) ಇಟ್ಟು ನೋಡಿ, ಬ್ಯಾಕ್‌ಲ್ಯಾಶನ್ನು (ದಿಕ್ಕು ತಿರುಗಿದಾಗ ವ್ಯರ್ಥವಾಗುವ ಚಲನೆಯನ್ನು) ಸರಿದೂಗಿಸುವ 1851ನೇ ಪ್ಯಾರಾಮೀಟರಿನಲ್ಲಿ ಎಕ್ಸ್‌ಗೆ 6 ಇದ್ದುದನ್ನು 28 ಮಾಡಿ ಹೋದರು. ನಮ್ಮ ಯಂತ್ರದಲ್ಲಿ ಅಲ್ಲಿನ ಒಂದು ಅಂಕೆ ಎಂದರೆ ಒಂದು ಮೈಕ್ರಾನ್. ಅಂದು ಸರಿಹೋದಂತೆ ಕಂಡಿತು. ಎರಡು ದಿನದ ಬಳಿಕ ಇನ್ನೊಂದು ಜಾಬಿನ ವೃತ್ತಾಕಾರದ ಪಾಕೆಟ್‌ನಲ್ಲಿ, ಗಡಿಯಾರದ 3 ಮತ್ತು 9ರ ಜಾಗಗಳಲ್ಲಿ, ಉಗುರಿಗೆ ತಾಗುವಷ್ಟು ಮೆಟ್ಟಿಲು ಕಾಣಿಸಿಕೊಂಡಿತು. ಮಧ್ಯಾಹ್ನದ ತಪ್ಪಂತೂ ಹಾಗೆಯೇ ಉಳಿದಿದೆ.

ಇನ್ನೊಂದು ವಿಷಯ. ಮೊನ್ನೆ ಹನ್ನೊಂದೂವರೆಗೆ ಕರೆಂಟ್ ಹೋಗಿ ಒಂದು ಗಂಟೆ ಕಾಲದ ನಂತರ ಬಂತು. ಆಮೇಲಿನ ಮೊದಲ ಜಾಬು 25.012 ಬಂದು, ನಂತರದವು ಪುನಃ ಏರುತ್ತಾ ಹೋದವು. ಕರೆಂಟಿನ ಏರಿಳಿತದಿಂದ ಮೋಟಾರನ್ನು ಓಡಿಸುವ ಡ್ರೈವ್ ಅಥವಾ ಅದರ ಸುತ್ತು ಎಣಿಸುವ ಎನ್‌ಕೋಡರ್ ಕೆಡುತ್ತಿರಬಹುದೇ? ಯಾವ ಅಲಾರಮ್ಮೂ ಬಂದಿಲ್ಲ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ತೂಬಿನಕೆರೆ ಟೂಲ್‌ರೂಂ ಬರೆದದ್ದು:

ಸರ್, ನಾನು ಮಂಡ್ಯದ ತೂಬಿನಕೆರೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಎರಡು ವರ್ಷದ ಹಿಂದೆ ಎಕ್ಸ್ ಅಕ್ಷವೇ ತಪ್ಪಿತ್ತು, ಕಾರಣ ಕಪ್ಲಿಂಗ್ ಜಾರುತ್ತಿದ್ದುದು. ಮೋಟಾರಿನ ಶಾಫ್ಟು, ಕಪ್ಲಿಂಗ್, ಸ್ಕ್ರೂ ಮೂರನ್ನೂ ದಾಟುವಂತೆ ಪೇಂಟ್ ಮಾರ್ಕರಿನಿಂದ ಒಂದು ನೇರ ಗೆರೆ ಎಳೆದು, ಒಂದು ಪಾಳಿಯ ಕೆಲಸ ಮುಗಿದ ಮೇಲೆ ನೋಡಿದಾಗ ಗೆರೆ ಮುರಿದಿತ್ತು. ಇದು ಐದು ನಿಮಿಷದ ಕೆಲಸವಾದ್ದರಿಂದ ತಾವೂ ಮಾಡಿ ನೋಡುವುದು ಒಳ್ಳೆಯದು. ಆದರೆ ತಮ್ಮ ವಿವರ ಓದಿದರೆ ಅದೇ ಕಾರಣ ಎನಿಸುವುದಿಲ್ಲ. ಕಪ್ಲಿಂಗ್ ಜಾರಿದರೆ ತಪ್ಪು ಜಾಬಿನಿಂದ ಜಾಬಿಗೆ ಕೂಡುತ್ತಲೇ ಹೋಗುತ್ತದೆ, ರಾತ್ರಿ ಕಳೆದರೂ ವಾಪಸು ಬರುವುದಿಲ್ಲ. ಹೋಮ್ ಮಾಡಿದರೂ (ಅಕ್ಷವನ್ನು ಯಂತ್ರದ ಆರಂಭ ಬಿಂದುವಿಗೆ ಕಳುಹಿಸಿದರೂ) ಸರಿಹೋಗುವುದಿಲ್ಲ, ಏಕೆಂದರೆ ಎನ್‌ಕೋಡರ್ ಇರುವುದು ಮೋಟಾರಿನ ಬೆನ್ನಿಗೆ. ಸ್ಕ್ರೂ ಹಿಂದುಳಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಎನ್‌ಕೋಡರ್ ಕೇಬಲ್ಲಿನ ದೋಷದಿಂದ ಎಣಿಕೆ ತಪ್ಪಿದ್ದರೆ, ಅದಕ್ಕೆ ತದ್ವಿರುದ್ಧವಾಗಿ, ಹೋಮ್ ಮಾಡಿದ ಕೂಡಲೇ ಸರಿಹೋಗಬೇಕಿತ್ತು. ಹೋಮ್ ಜಾಗದ ಸ್ವಿಚ್ ಒತ್ತುವ ಹೋಮ್ ಡಾಗ್ ಸಡಿಲವಾಗಿದ್ದರೆ ತಪ್ಪುವುದು ಮೈಕ್ರಾನ್‌ಗಳಲ್ಲಿ ಅಲ್ಲ, ಒಮ್ಮೆಗೇ ಒಂದು ಪೂರ್ತಿ ಸುತ್ತು, ಅಂದರೆ ತಮ್ಮ ಯಂತ್ರದಲ್ಲಿ 10 ಮಿ.ಮೀ.

ಡ್ರೈವಿನ ಬಗ್ಗೆ ಅನುಮಾನವಿದ್ದರೆ ಡಯಾಗ್ನೋಸಿಸ್ 300ರಲ್ಲಿ ಎಕ್ಸ್ ಮತ್ತು ವೈ ಎರಡರ ಸರ್ವೋ ದೋಷವನ್ನು (ಆಜ್ಞೆಗೂ ಮೋಟಾರಿನ ನಿಜವಾದ ಸ್ಥಾನಕ್ಕೂ ಇರುವ ಅಂತರವನ್ನು) ಹೋಲಿಸಿ ನೋಡಬಹುದು. 1825ನೇ ಪ್ಯಾರಾಮೀಟರಿನಲ್ಲಿ 3000 ಇದ್ದರೆ ಸರ್ವೋ ಗೇನ್ ಸೆಕೆಂಡಿಗೆ 30 ಎಂದು ಅರ್ಥ. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಎರಡೂ ಅಕ್ಷಗಳಲ್ಲಿ ಸುಮಾರು 1667 ಮೈಕ್ರಾನ್ ಬರಬೇಕು, ನಿಂತಾಗ ಸೊನ್ನೆಯ ಹತ್ತಿರ ಇರಬೇಕು. ಹಾಗೆ ಬಂದರೆ ಡ್ರೈವನ್ನು ಬಿಟ್ಟು ಯಾಂತ್ರಿಕ ಭಾಗದ ಕಡೆ ಹೋಗಿ.

ಬಿಸಿಯಿಂದ ಆಗುತ್ತಿರುವ ತಪ್ಪೂ ಇರಬಹುದು. ಹಾಗಿದ್ದರೆ ವೈಸನ್ನು ಟೇಬಲ್ಲಿನ ಮೋಟಾರ್ ಇರುವ ಬದಿಗೆ ತಂದುಕೊಳ್ಳಿ, ಅಲ್ಲಿ ಹಿಗ್ಗುವಿಕೆ ಕಡಿಮೆ.

ನಿವೃತ್ತ ಫಿಟ್ಟರ್, ಮೈಸೂರು ಬರೆದದ್ದು:

ಯಂತ್ರ ಜೋಡಣೆ ಮತ್ತು ರಿಪೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವನು ನಾನು. ತಮ್ಮ ಪ್ರಶ್ನೆಯಲ್ಲಿ ಬೇಕಾದ ಸುಳಿವುಗಳೆಲ್ಲ ಇವೆ, ಆದರೆ ಎರಡು ಬೇರೆ ಬೇರೆ ಕಾಯಿಲೆಗಳ ಲಕ್ಷಣಗಳು ಒಂದರೊಳಗೊಂದು ಕಲೆತಿವೆ. ಪ್ಯಾರಾಮೀಟರಿಗೆ ಕೈ ಹಾಕುವ ಮೊದಲು ತಪ್ಪಿನ ಸ್ವರೂಪ ಯಾವುದು ಎಂದು ಬೇರ್ಪಡಿಸಿಕೊಳ್ಳಲೇಬೇಕು. ಸಮಯ ಕಳೆದಂತೆ ಬೆಳೆಯುವ ತಪ್ಪು ಬೇರೆ, ದಿಕ್ಕು ಬದಲಾದಾಗ ಮಾತ್ರ ಕಾಣುವ ತಪ್ಪು ಬೇರೆ. ಬ್ಯಾಕ್‌ಲ್ಯಾಶ್ ಎಂಬುದು ಬೆಳಿಗ್ಗೆ ಎಂಟಕ್ಕೂ ಇರುತ್ತದೆ, ಹನ್ನೆರಡಕ್ಕೂ ಇರುತ್ತದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ತಪ್ಪುವುದನ್ನು ಅದರ ಅಂಕೆ ಏರಿಸಿ ಸರಿಪಡಿಸಲು ಹೊರಟದ್ದೇ ಇಲ್ಲಿನ ಮೊದಲ ಎಡವಟ್ಟು.

ಕರೆಂಟ್ ಹೋದ ಘಟನೆಯನ್ನು ತಾವು ವಿದ್ಯುತ್ತಿನ ಕಡೆಯಿಂದ ನೋಡುತ್ತಿದ್ದೀರಿ. ನಾನು ಅದನ್ನು ಹೀಗೆ ಓದುತ್ತೇನೆ: ಒಂದು ಗಂಟೆ ಯಂತ್ರ ನಿಂತಿತು, ಸ್ಕ್ರೂ ತಣ್ಣಗಾಯಿತು, ತಪ್ಪು 12 ಮೈಕ್ರಾನಿಗೆ ಇಳಿಯಿತು, ಯಂತ್ರ ಓಡತೊಡಗಿದ ಮೇಲೆ ಪುನಃ ಏರಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಹೆಚ್ಚುಕಡಿಮೆ 11.7 ಮೈಕ್ರಾನ್ ಹಿಗ್ಗುತ್ತದೆ. ಮೋಟಾರಿನ ಬದಿಯ ಥ್ರಸ್ಟ್ ಬೇರಿಂಗಿನಲ್ಲಿ ಸ್ಕ್ರೂ ಭದ್ರವಾಗಿ ಹಿಡಿದುಕೊಂಡಿರುತ್ತದೆ, ಇನ್ನೊಂದು ತುದಿ ಕೇವಲ ಆಸರೆಯ ಮೇಲೆ ನಿಂತಿರುತ್ತದೆ; ಹಾಗಾಗಿ ಹಿಗ್ಗುವುದೆಲ್ಲ ಮೋಟಾರಿನಿಂದ ದೂರಕ್ಕೆ. ಟೇಬಲ್ಲಿಗೆ ಸೇರಿ ಸ್ಕ್ರೂವಿನ ಮೇಲೆ ಓಡುವ ನಟ್ ಬೇರಿಂಗಿನಿಂದ 600 ಮಿ.ಮೀ. ದೂರದಲ್ಲಿರುವಾಗ ಸ್ಕ್ರೂ 5 ಡಿಗ್ರಿ ಬಿಸಿಯಾದರೆ ಟೇಬಲ್ 35 ಮೈಕ್ರಾನ್ ಸರಿದಿರುತ್ತದೆ. ತಮ್ಮ ಅಂಕೆಯೂ ಅದೇ. ಖಚಿತಪಡಿಸಿಕೊಳ್ಳಲು ಒಂದು ಮಾತು ಹೇಳಿ: ಮಧ್ಯಾಹ್ನದ ಜಾಬಿನಲ್ಲಿ ಎರಡು ರಂಧ್ರಗಳ ನಡುವಿನ 190 ಎಷ್ಟು ಬರುತ್ತದೆ? ಬಿಸಿಯೇ ಕಾರಣವಾಗಿದ್ದರೆ ಅದು ಸುಮಾರು 11 ಮೈಕ್ರಾನ್ ಮಾತ್ರ ಹೆಚ್ಚಿರಬೇಕು, 35 ಅಲ್ಲ. ಜಾಬನ್ನು ಬಿಸಿ ಬಿಸಿಯಾಗಿ ಅಳೆಯಬೇಡಿ. ಸ್ಲಿಪ್ ಗೇಜುಗಳ (ಅಳತೆಯ ಮಾದರಿ ತುಂಡುಗಳ) ಪಕ್ಕದಲ್ಲಿ ಸರ್ಫೇಸ್ ಪ್ಲೇಟಿನ ಮೇಲೆ ಒಂದು ಗಂಟೆ ಬಿಟ್ಟು ಅಳೆಯಿರಿ.

ತೂಬಿನಕೆರೆಯವರು ಕಪ್ಲಿಂಗ್ ಬಗ್ಗೆ ಬರೆದದ್ದು ಸರಿಯಾಗಿದೆ. ವೈಸಿನ ಜಾಗದ ಬಗ್ಗೆ ಹೇಳಿದ್ದನ್ನು ಮಾತ್ರ ತಿದ್ದಬೇಕಾಗಿದೆ. ಈ ಬಗೆಯ ಯಂತ್ರದಲ್ಲಿ ಸ್ಪಿಂಡಲ್ ಎಕ್ಸ್ ದಿಕ್ಕಿನಲ್ಲಿ ಚಲಿಸುವುದಿಲ್ಲ, ಟೇಬಲ್ ಚಲಿಸುತ್ತದೆ. ಮೋಟಾರು ಬಲಗಡೆ ಇದ್ದು, ವೈಸನ್ನೂ ಟೇಬಲ್ಲಿನ ಬಲ ತುದಿಗೆ ಕಟ್ಟಿದರೆ, ಅದನ್ನು ಸ್ಪಿಂಡಲ್ಲಿನ ಕೆಳಗೆ ತರಲು ಟೇಬಲ್ ಎಡಕ್ಕೆ ಹೋಗಬೇಕು. ಆಗ ನಟ್ ಮೋಟಾರಿನಿಂದ ಅತಿ ದೂರದಲ್ಲಿರುತ್ತದೆ. ವೈಸ್ ಇರಬೇಕಾದದ್ದು ಎದುರು ತುದಿಯಲ್ಲಿ. ನೋಡಲು ಸಣ್ಣ ವಿಷಯವಾದರೂ ಇದನ್ನು ತಿರುವು ಮುರುವು ಮಾಡಿಕೊಂಡು ಇನ್ನಷ್ಟು ತೊಂದರೆಗೆ ಸಿಕ್ಕಿಕೊಂಡವರನ್ನು ನಾನು ಕಂಡಿದ್ದೇನೆ.

ಎರಡನೆಯ ಕಾಯಿಲೆ ಪಾಕೆಟ್ಟಿನ ಮೆಟ್ಟಿಲು. 3 ಮತ್ತು 9ರ ಜಾಗ ಎಂದರೆ ಎಕ್ಸ್ ದಿಕ್ಕು ತಿರುಗುವ ಜಾಗ. ಅಲ್ಲಿ ನಿಜವಾದ ಸಡಿಲ ಇದೆ, ಆದರೆ ಅದು ಎಲ್ಲಿದೆ ಎಂದು ಯಾರೂ ಹುಡುಕಿಲ್ಲ. ನಾಳೆ ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ಈ ಪರೀಕ್ಷೆ ಮಾಡಿ. 1851ರ ಈಗಿನ ಅಂಕೆಯನ್ನು ಬರೆದಿಟ್ಟುಕೊಂಡು ತಾತ್ಕಾಲಿಕವಾಗಿ ಸೊನ್ನೆ ಮಾಡಿ. ಸ್ಪಿಂಡಲ್ಲಿನಿಂದ ಮೈಕ್ರಾನ್ ಡಯಲ್ ಇಳಿಬಿಟ್ಟು ಟೇಬಲ್ ಮೇಲಿನ ಒಂದು ಬ್ಲಾಕಿಗೆ ತಾಗಿಸಿ. ಎರಡನೆಯ ಡಯಲ್ಲನ್ನು ಸ್ಕ್ರೂವಿನ ತೆರೆದ ತುದಿಗೆ ಇಡಿ: ತುದಿಯಲ್ಲಿರುವ ಸೆಂಟರ್ ರಂಧ್ರದಲ್ಲಿ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಕೂರಿಸಿ, ಚಪ್ಪಟೆ ತುದಿಯ ಡಯಲ್ಲನ್ನು ಆ ಗುಂಡಿಗೆ ತಾಗಿಸಿ. ಈಗ ಹ್ಯಾಂಡ್‌ವೀಲಿನಿಂದ ಒಂದೇ ದಿಕ್ಕಿನಲ್ಲಿ 0.1 ಮಿ.ಮೀ. ಹೋಗಿ, ಎರಡೂ ಡಯಲ್ ಸೊನ್ನೆ ಮಾಡಿ, ಇನ್ನೂ ಸ್ವಲ್ಪ ಮುಂದೆ ಹೋಗಿ, ಒಂದೊಂದೇ ಮೈಕ್ರಾನಿನಂತೆ ಹಿಂದಕ್ಕೆ ತಿರುಗಿಸಿ. ಟೇಬಲ್ಲಿನ ಡಯಲ್ ಕದಲುವ ಮೊದಲು ಎಷ್ಟು ಮೈಕ್ರಾನ್ ವ್ಯರ್ಥವಾಯಿತು, ಅಷ್ಟರಲ್ಲಿ ಸ್ಕ್ರೂ ತಾನೇ ಉದ್ದಕ್ಕೆ ಎಷ್ಟು ಸರಿಯಿತು, ಎರಡನ್ನೂ ಬರೆದುಕೊಳ್ಳಿ. ಸ್ಕ್ರೂ ಉದ್ದಕ್ಕೆ ಸರಿಯುತ್ತಿದ್ದರೆ ತಪ್ಪು ಬೇರಿಂಗಿನದು. ಸ್ಕ್ರೂ ಸರಿಯದೆ ಟೇಬಲ್ ಮಾತ್ರ ಹಿಂದುಳಿದರೆ ನಟ್ ಸವೆದಿದೆ, ಇಲ್ಲವೇ ಅದರ ಬೋಲ್ಟುಗಳು ಸಡಿಲವಾಗಿವೆ. ಮೋಟಾರು ತಾನು ತಿರುಗಿದ್ದನ್ನು ಮಾತ್ರ ಬಲ್ಲದು, ಆದ್ದರಿಂದ ಈ ಎರಡು ತಪ್ಪುಗಳಿಗೂ ಅಲಾರಂ ಬರುವುದಿಲ್ಲ.

ಪರೀಕ್ಷೆಯ ಹೊತ್ತಿನಲ್ಲಿ ರ‍್ಯಾಪಿಡ್ ಓವರ್‌ರೈಡನ್ನು ಕನಿಷ್ಠಕ್ಕೆ ಇಳಿಸಿ, ಒಬ್ಬರೇ ಹ್ಯಾಂಡ್‌ವೀಲ್ ಹಿಡಿದಿರಲಿ. ಎಂದಾದರೂ ಇದೇ ಕೆಲಸವನ್ನು ಜಡ್ ಅಕ್ಷಕ್ಕೆ ಮಾಡಬೇಕಾಗಿ ಬಂದರೆ, ಹೆಡ್ಡಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡದೆ ಮೋಟಾರನ್ನು ಬಿಚ್ಚಬಾರದು.

ಹೆಬ್ಬಾಳದ ಜಾಬ್‌ಶಾಪ್ ಬರೆದದ್ದು:

ಹಿರಿಯರಿಗೆ ಅನಂತ ವಂದನೆಗಳು. ನಿನ್ನೆಯ ಮಧ್ಯಾಹ್ನದ ಮೂರು ಜಾಬುಗಳನ್ನು ತಣಿಸಿ ಅಳೆದೆ: 190ರ ಅಂತರ 190.010, 190.012, 190.010. ತಾವು ಹೇಳಿದ ಲೆಕ್ಕಕ್ಕೆ ಇಷ್ಟು ಹತ್ತಿರ ಬರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ವೈಸ್ ಬಲ ತುದಿಯಲ್ಲೇ ಇದೆ. ಪ್ಯಾನೆಲ್ ಬಲಗಡೆ ಇರುವುದರಿಂದ ಆಪರೇಟರ್‌ಗೆ ಅನುಕೂಲವೆಂದು ಮೊದಲಿನಿಂದಲೂ ಅಲ್ಲಿಯೇ ಕಟ್ಟುತ್ತಾ ಬಂದಿದ್ದೇವೆ. ಮೋಟಾರೂ ಬಲಗಡೆಯೇ.

ಕಪ್ಲಿಂಗಿನ ಗೆರೆ ಒಂದು ಪಾಳಿ ಮುಗಿದರೂ ಮುರಿದಿಲ್ಲ. ಸರ್ವೋ ದೋಷ ಎಕ್ಸ್‌ನಲ್ಲೂ ವೈಯಲ್ಲೂ ಒಂದೇ ತೆರನಾಗಿ ಬಂತು. ಇಂದು ಬೆಳಿಗ್ಗೆ ಎರಡು ಡಯಲ್‌ಗಳ ಪರೀಕ್ಷೆ ಮಾಡಿದಾಗ ಟೇಬಲ್ಲಿನಲ್ಲಿ ವ್ಯರ್ಥವಾದದ್ದು 26 ಮೈಕ್ರಾನ್, ಅದರಲ್ಲಿ ಸ್ಕ್ರೂ ತಾನೇ ಉದ್ದಕ್ಕೆ ಸರಿದದ್ದು 20. ನಾಲ್ಕು ಸಲ ಮಾಡಿದರೂ ಒಂದು ಮೈಕ್ರಾನಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಉಳಿಯುವುದು 6, ಅಂದರೆ 1851ರಲ್ಲಿ ಮೊದಲು ಇದ್ದ ಅಂಕೆ. ಇದನ್ನು ಕಂಡ ಮೇಲೆ ಒಂದು ಪ್ರಶ್ನೆ ಉಳಿದಿದೆ. ಸಡಿಲ ನಿಜವಾಗಿಯೂ 26 ಇದ್ದಾಗ 28 ಕೊಟ್ಟದ್ದು ಅಷ್ಟೇನೂ ತಪ್ಪಲ್ಲವಲ್ಲ, ಆದರೂ ಪಾಕೆಟ್‌ನಲ್ಲಿ ಮೆಟ್ಟಿಲು ಏಕೆ ಬಂತು?

ನಿವೃತ್ತ ಫಿಟ್ಟರ್, ಮೈಸೂರು ಬರೆದದ್ದು:

ಒಳ್ಳೆಯ ಪ್ರಶ್ನೆ. ಕಂಟ್ರೋಲ್ ಈ ಅಂಕೆಯನ್ನು ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿಕೊಂಡು ಸೇರಿಸುತ್ತದೆ. ಆದರೆ ಬೇರಿಂಗಿನ ಸಡಿಲ ಪ್ರತಿ ತಿರುವಿನಲ್ಲೂ ಪೂರ್ತಿಯಾಗಿ ಬಳಕೆಯಾಗುವುದಿಲ್ಲ. ಡಯಲ್ ಇಟ್ಟು ನಿಧಾನವಾಗಿ ತಿರುಗಿಸಿದಾಗ ಟೇಬಲ್ಲನ್ನು ತಡೆಯುವುದು ಗೈಡಿನ ಘರ್ಷಣೆ ಮಾತ್ರ, ಹಾಗಾಗಿ 26 ಪೂರ್ತಿ ಕಾಣುತ್ತದೆ. ಲೋಹ ಕತ್ತರಿಸುತ್ತಿರುವಾಗ, ಅದರಲ್ಲೂ ಕ್ಲೈಂಬ್ ಮಿಲ್ಲಿಂಗಿನಲ್ಲಿ (ಕಟ್ಟರಿನ ಹಲ್ಲು ತಿರುಗುವ ದಿಕ್ಕಿನಲ್ಲೇ ಜಾಬು ಸಾಗುವಾಗ), ಕಟ್ಟರ್ ತಾನೇ ಟೇಬಲ್ಲನ್ನು ಎಳೆದುಕೊಳ್ಳುತ್ತದೆ. ದಿಕ್ಕು ತಿರುಗುವ ಮೊದಲೇ ಸ್ಕ್ರೂ ಆ ಬದಿಗೆ ಒರಗಿರಬಹುದು. ಆಗ ಕೊಟ್ಟ 28ರಲ್ಲಿ 22 ಹೆಚ್ಚಾಗಿ, ಆ ಹೆಚ್ಚಾದದ್ದೇ ಮೆಟ್ಟಿಲಾಗಿ ಜಾಬಿನ ಮೇಲೆ ಕೂರುತ್ತದೆ. ನಟ್ಟಿನೊಳಗಿನ 5–6 ಮೈಕ್ರಾನನ್ನು ಪ್ಯಾರಾಮೀಟರಿನಿಂದ ಸರಿದೂಗಿಸಬಹುದು. ಸಡಿಲವಾದ ಬೇರಿಂಗನ್ನು ಸ್ಪ್ಯಾನರಿನಿಂದಲೇ ಸರಿಪಡಿಸಬೇಕು.

ಮೋಟಾರಿನ ಬದಿಯ ಬೇರಿಂಗ್ ಹೌಸಿಂಗನ್ನು ತೆರೆಯಿರಿ. ಲಾಕ್ ನಟ್ಟಿನ ಗ್ರಬ್ ಸ್ಕ್ರೂಗಳು ಸಡಿಲವಾಗಿದ್ದು ನಟ್ ತುಸು ಹಿಂದಕ್ಕೆ ತಿರುಗಿರುವುದು ಸಾಮಾನ್ಯ. ಅದನ್ನು ಬಿಗಿ ಮಾಡಿ ಸುಮ್ಮನಾಗಬೇಡಿ. ಕಪ್ಲಿಂಗ್ ಬಿಡಿಸಿ ಸ್ಕ್ರೂವನ್ನು ಕೈಯಿಂದ ತಿರುಗಿಸಿ ನೋಡಿ. ನುಣ್ಣಗೆ ತಿರುಗಿದರೆ ಸಂತೋಷ. ರವೆ ಸಿಕ್ಕಿಕೊಂಡಂತೆ ಕಚಕಚ ಎಂದರೆ ಬೇರಿಂಗುಗಳು ಹೋಗಿವೆ ಎಂದೇ ಅರ್ಥ. ಈ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗುಗಳು ಕಾರ್ಖಾನೆಯಲ್ಲಿ ಜೋಡಿ ಹೊಂದಿಸಿ ಕಳುಹಿಸಿದವು. ಬದಲಿಸುವುದಾದರೆ ಹೊಂದಿಸಿದ ಸೆಟ್ಟನ್ನೇ ತರಿಸಿ, ಅವುಗಳ ಮೈಮೇಲಿನ ಗುರುತು ನೋಡಿ ಹಳೆಯವು ಇದ್ದ ಕ್ರಮದಲ್ಲೇ ಹಾಕಿ. ಬಿಗಿತವನ್ನು ಅಂದಾಜಿಗೆ ಬಿಡದೆ ಯಂತ್ರದ ಕೈಪಿಡಿಯಲ್ಲಿರುವ ಟಾರ್ಕಿಗೆ ತನ್ನಿ. ಅತಿಯಾಗಿ ಬಿಗಿದರೆ ಬೇರಿಂಗ್ ಬಿಸಿಯಾಗಿ, ತಾವು ಈಗ ಓಡಿಸಬೇಕೆಂದಿರುವ ಮೊದಲ ಕಾಯಿಲೆ ಹೆಚ್ಚಾಗುತ್ತದೆ.

ಗ್ರೀಸ್ ಯಾವ ಬಣ್ಣದಲ್ಲಿದೆ ಎಂಬುದನ್ನೂ ನೋಡಿ ತಿಳಿಸಿ.

ಸರ್ವೋ ಕಲಿಯುವವ ಬರೆದದ್ದು:

ನಾನು ಮೈಸೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದಲ್ಲಿ) ಡಿಪ್ಲೊಮಾ ಮುಗಿಸಿ ಎರಡೇ ವರ್ಷವಾಯಿತು, ಆದ್ದರಿಂದ ಹಿರಿಯರು ಬರೆದುದಕ್ಕೆ ಒಂದೇ ವಿಷಯ ಸೇರಿಸುತ್ತೇನೆ. ಕಪ್ಲಿಂಗ್ ಬಿಡಿಸಿ ಕೂರಿಸಿದ ಮೇಲೆ ಮೋಟಾರಿಗೂ ಸ್ಕ್ರೂವಿಗೂ ಹಿಂದಿದ್ದ ಸಂಬಂಧ ಉಳಿಯುವುದಿಲ್ಲ, ರೆಫರೆನ್ಸ್ ಬಿಂದು (ಹೋಮ್ ಜಾಗ) ಸರಿಯುತ್ತದೆ. ಸ್ಕ್ರೂವಿನ ಆಯಾ ಜಾಗದ ತಪ್ಪನ್ನು ಸರಿದೂಗಿಸುವ ಪಿಚ್ ದೋಷದ ಕೋಷ್ಟಕ ರೆಫರೆನ್ಸ್ ಬಿಂದುವಿನಿಂದಲೇ ಎಣಿಕೆಯಾಗುವುದರಿಂದ, ಬಿಂದು 3–4 ಮಿ.ಮೀ. ಸರಿದರೆ ಕೋಷ್ಟಕದ ಪ್ರತಿಯೊಂದು ಅಂಕೆಯೂ ಸ್ಕ್ರೂವಿನ ತಪ್ಪು ಜಾಗಕ್ಕೆ ಅನ್ವಯಿಸುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಎಕ್ಸ್ ಸೊನ್ನೆಯಲ್ಲಿ ಟೇಬಲ್ಲಿಗೂ ಅದರ ಕೆಳಗಿನ ಸ್ಯಾಡಲ್ಲಿಗೂ ಒಂದು ಡಯಲ್ ಮತ್ತು ಸ್ಲಿಪ್ ಗೇಜಿನ ಗುರುತು ಮಾಡಿಟ್ಟುಕೊಳ್ಳಿ. ಜೋಡಣೆಯಾದ ಮೇಲೆ ಟೇಬಲ್ಲನ್ನು ಅದೇ ಗುರುತಿಗೆ ತಂದು 1815ನೇ ಪ್ಯಾರಾಮೀಟರಿನಲ್ಲಿ ಎಕ್ಸ್‌ನ 4ನೇ ಬಿಟ್ಟನ್ನು 0 ಮಾಡಿ ಪುನಃ 1 ಮಾಡಿದರೆ ಬಿಂದು ಹಿಂದಿನ ಜಾಗಕ್ಕೆ ಬರುತ್ತದೆ. ಇದು ಕರೆಂಟ್ ಹೋದರೂ ಸ್ಥಾನ ಮರೆಯದ ಆಬ್ಸಲ್ಯೂಟ್ ಎನ್‌ಕೋಡರ್ ಇರುವ ಯಂತ್ರಕ್ಕೆ. ಡಾಗ್ ಇರುವ ಯಂತ್ರವಾದರೆ 1850ರ ಗ್ರಿಡ್ ಶಿಫ್ಟ್ (ಹೋಮ್ ಬಿಂದುವನ್ನು ಸರಿಸುವ ಅಂಕೆ) ನೋಡಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಸಾಧ್ಯವಾದರೆ ಒಮ್ಮೆ ಲೇಸರಿನಿಂದ ಅಳೆಸಿ. ಐಎಸ್‌ಒ 230-2 ಎಂಬ ಮಾನದಂಡದ ಪ್ರಕಾರ ಪ್ರತಿ ಬಿಂದುವಿಗೂ ಎರಡೂ ದಿಕ್ಕಿನಿಂದ ಐದೈದು ಸಲ ಹೋಗಿ ಅಳೆಯುತ್ತಾರೆ, ಅದರಲ್ಲಿ ದಿಕ್ಕಿನ ತಪ್ಪೂ ಪಿಚ್ ತಪ್ಪೂ ಬೇರೆ ಬೇರೆಯಾಗಿ ಕಾಣುತ್ತವೆ. ಬೇರಿಂಗ್ ಸರಿಯಾಗುವ ಮೊದಲು ಲೇಸರ್ ತರಿಸಿದರೆ ಹಣ ವ್ಯರ್ಥ.

ಹೆಬ್ಬಾಳದ ಜಾಬ್‌ಶಾಪ್ ಬರೆದದ್ದು:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹೌಸಿಂಗ್ ತೆರೆದಾಗ ಲಾಕ್ ನಟ್ಟಿನ ಎರಡು ಗ್ರಬ್ ಸ್ಕ್ರೂಗಳಲ್ಲಿ ಒಂದು ಕೈಗೇ ಬಂತು. ಗ್ರೀಸ್ ಇರಬೇಕಾದಲ್ಲಿ ತೆಳ್ಳಗಿನ ಕಂದು ಕೆಸರಿನಂಥದ್ದು ಇತ್ತು. ಬದಿಯ ಕವರಿನ ವೈಪರ್ ಹರಿದು, ಕೂಲಂಟ್ ತಿಂಗಳುಗಟ್ಟಲೆ ಒಳಗೆ ಇಳಿದಿದೆ. ನಟ್ ಬಿಗಿ ಮಾಡಿದಾಗ ಸ್ಕ್ರೂವಿನ ಸರಿದಾಟ 20ರಿಂದ 4ಕ್ಕೆ ಇಳಿಯಿತು, ಆದರೆ ಕೈಯಿಂದ ತಿರುಗಿಸಿದಾಗ ಹಿರಿಯರು ಹೇಳಿದ ಆ ರವೆಯ ಅನುಭವವೇ ಆಯಿತು. ಹೊಂದಿಸಿದ ಸೆಟ್ ತರಿಸಿ ಹಾಕಿದೆವು, ವೈಪರನ್ನೂ ಬದಲಿಸಿದೆವು. ಈಗ ಸರಿದಾಟ 1 ಮೈಕ್ರಾನಿಗಿಂತ ಹೆಚ್ಚಿಲ್ಲ, ಟೇಬಲ್ಲಿನಲ್ಲಿ ಒಟ್ಟು ವ್ಯರ್ಥವಾಗುವುದು 6. 1851ಕ್ಕೆ 6 ಕೊಟ್ಟು ಅದೇ ಪಾಕೆಟ್ ತೆಗೆದಾಗ 3 ಮತ್ತು 9ರಲ್ಲಿ ಉಗುರಿಗೆ ಏನೂ ತಾಗಲಿಲ್ಲ. ರೆಫರೆನ್ಸ್ ಬಿಂದುವನ್ನು ಕೊನೆಯ ಬರಹದಲ್ಲಿ ತಿಳಿಸಿದಂತೆ ಗುರುತಿಟ್ಟುಕೊಂಡೇ ಕೂರಿಸಿದ್ದೇವೆ. ಆ ಸಲಹೆ ಬಾರದಿದ್ದರೆ ನಾನು ಖಂಡಿತ ಮರೆಯುತ್ತಿದ್ದೆ.

ಬಿಸಿಯ ಪರೀಕ್ಷೆಯನ್ನೂ ಮಾಡಿದೆ. ಎಕ್ಸ್ ಅಕ್ಷವನ್ನು 600 ಮಿ.ಮೀ. ಹಿಂದೆ ಮುಂದೆ ಓಡಿಸುತ್ತಾ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಎರಡು ಜಾಗಗಳಲ್ಲಿ ಡಯಲ್ ನೋಡಿದೆ. ಸ್ಕ್ರೂವಿನ ತಾಪ 27 ಡಿಗ್ರಿಯಿಂದ 31ಕ್ಕೆ ಏರುವಷ್ಟರಲ್ಲಿ, ಬೇರಿಂಗಿನಿಂದ 150 ಮಿ.ಮೀ. ದೂರದಲ್ಲಿ ಟೇಬಲ್ ಸರಿದದ್ದು 8 ಮೈಕ್ರಾನ್, 650 ಮಿ.ಮೀ. ದೂರದಲ್ಲಿ 29. ಲೆಕ್ಕ ಹಾಕಿದರೆ 7 ಮತ್ತು 30 ಬರಬೇಕಿತ್ತು. ಸುಮಾರು ಐವತ್ತು ನಿಮಿಷದ ನಂತರ ಎರಡೂ ನಿಂತವು. ಆದ್ದರಿಂದ ವೈಸನ್ನು ಎಡ ತುದಿಗೆ ಸಾಗಿಸಿದ್ದೇವೆ. ಏಳೂಕಾಲಿಗೆ ಬರುವ ಹುಡುಗ ಮೂರೂ ಅಕ್ಷಗಳನ್ನು ಓಡಿಸುವ ವಾರ್ಮ್‌ಅಪ್ ಪ್ರೋಗ್ರಾಂ ಹಾಕುತ್ತಾನೆ, ಎಂಟೂಕಾಲಿಗೆ ಜಿ54 ಹಿಡಿಯುತ್ತೇವೆ, ಊಟದ ನಂತರ ಇಪ್ಪತ್ತು ನಿಮಿಷ ಓಡಿಸಿ ಸ್ಟಾಪರನ್ನು ಮತ್ತೊಮ್ಮೆ ಡಯಲ್‌ಗೆ ತೋರಿಸುತ್ತೇವೆ. ನಿನ್ನೆ ಇಡೀ ದಿನದ 32 ಪ್ಲೇಟುಗಳಲ್ಲಿ 25ರ ಅಳತೆ 24.996ರಿಂದ 25.009ರ ಒಳಗೆ ಇತ್ತು.

ನಿವೃತ್ತ ಫಿಟ್ಟರ್, ಮೈಸೂರು ಬರೆದದ್ದು:

ಬಹಳ ಸಂತೋಷವಾಯಿತು. ವೈ ಅಕ್ಷದ ಹೌಸಿಂಗನ್ನೂ ಈ ತಿಂಗಳಲ್ಲೇ ತೆರೆದು ಗ್ರೀಸ್ ನೋಡಿ. ಅದೇ ಕೂಲಂಟ್ ಅಲ್ಲಿಗೂ ಇಳಿದಿರುವ ಸಾಧ್ಯತೆ ಇದೆ. 1851ರ ಅಂಕೆ, ಎರಡು ಡಯಲ್‌ಗಳ ಅಳತೆ ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಎಲೆಕ್ಟ್ರಿಕಲ್ ಕ್ಯಾಬಿನೆಟ್ಟಿನ ಬಾಗಿಲಿನ ಒಳಮೈಗೆ ಅಂಟಿಸಿಡಿ, ಮುಂದೆ ಯಾರು ಅಂಕೆ ಬದಲಿಸಿದರೂ ಅದೇ ಚೀಟಿಯಲ್ಲಿ ಬರೆಯಲಿ.